ಶೇ. 30 ಮರುಬಳಕೆ ಪ್ಲಾಸ್ಟಿಕ್: ಅದೇ ದಾನಾ ಒಂದು ಕಡೆ ಗಟ್ಟಿ, ಇನ್ನೊಂದು ಕಡೆ ಪುಡಿ ಏಕೆ?

ಪ್ಲಾಸ್ಟಿಕ್ ಪ್ಯಾಕಿಂಗ್‌ನಲ್ಲಿ ಮರುಬಳಕೆಯ ಪಾಲು ಇರಲೇಬೇಕು ಎಂಬ ನಿಯಮ 2025-26ರಿಂದ ಲೆಕ್ಕಕ್ಕೆ ಬಂದಿದೆ. ಅಂದಿನಿಂದ ಎರಡು ಬಗೆಯ ಹೇಳಿಕೆಗಳು ಒಟ್ಟಿಗೇ ಕೇಳಿಬರುತ್ತಿವೆ. ಬಾಟಲಿ, ಡಬ್ಬಿ ಕೊಳ್ಳುವ ಬ್ರ್ಯಾಂಡ್‌ಗಳು "ಗುಣಮಟ್ಟದ ಮರುಬಳಕೆ ಮಾಲು ಸಿಗುತ್ತಿಲ್ಲ" ಎನ್ನುತ್ತವೆ. ಗುಜರಿ ಪ್ಲಾಸ್ಟಿಕ್ಕನ್ನು ಕರಗಿಸಿ ದಾನಾ, ಅಂದರೆ ಅಚ್ಚಿಗೆ ಹಾಕುವ ಪ್ಲಾಸ್ಟಿಕ್ ಕಾಳು, ಮಾಡುವವರು "ಮಾಲು ರಾಶಿ ಬಿದ್ದಿದೆ, ಕೊಳ್ಳುವವರಿಲ್ಲ" ಎನ್ನುತ್ತಾರೆ. ಓದುಗರಿಗೆ ಇಬ್ಬರಲ್ಲೊಬ್ಬರು ಸುಳ್ಳು ಹೇಳುತ್ತಿರಬೇಕು ಅನ್ನಿಸುತ್ತದೆ. ಆದರೆ ಇಬ್ಬರ ಮಾತೂ ನಿಜ. ಒಂದೇ ಗುಜರಿ ಎರಡು ಕಾರ್ಖಾನೆಗಳಿಂದ ಎರಡು ಬೇರೆ ವಸ್ತುಗಳಾಗಿ ಹೊರಬರಬಹುದು ಎಂಬುದು ಈ ಗೊಂದಲದ ಬೇರು. ಅದಕ್ಕೆ ಕಾರಣ ಹುಡುಕಲು ಪ್ಲಾಸ್ಟಿಕ್ ಕರಗಿಸುವ ಯಂತ್ರದ ಬ್ಯಾರೆಲ್‌ನೊಳಗೆ, ಅಂದರೆ ಸ್ಕ್ರೂ ತಿರುಗುವ ಬಿಸಿ ಕೊಳವೆಯೊಳಗೆ ಇಣುಕಬೇಕು.

ನಿಯಮ ಎಣಿಸುವುದು ತೂಕವನ್ನು

ಕೇಂದ್ರ ಪರಿಸರ ಸಚಿವಾಲಯ 2022ರ ಫೆಬ್ರವರಿ 16ರಂದು ಪ್ಲಾಸ್ಟಿಕ್ ತ್ಯಾಜ್ಯ ನಿರ್ವಹಣಾ ನಿಯಮಗಳಿಗೆ ತಿದ್ದುಪಡಿ ತಂದು, ಉತ್ಪಾದಕರ ವಿಸ್ತೃತ ಹೊಣೆಗಾರಿಕೆಯ (ಪ್ಯಾಕಿಂಗ್ ಮಾರುಕಟ್ಟೆಗೆ ತಂದವರೇ ಅದರ ತ್ಯಾಜ್ಯಕ್ಕೂ ಹೊಣೆ ಎಂಬ) ಮಾರ್ಗಸೂಚಿ ಪ್ರಕಟಿಸಿತು. ಅದರ ಪ್ರಕಾರ ಬಾಟಲಿ, ಡಬ್ಬಿಯಂಥ ಗಟ್ಟಿ ಪ್ಯಾಕಿಂಗ್‌ನಲ್ಲಿ 2025-26ಕ್ಕೆ ಶೇ. 30, 2028-29ರ ಹೊತ್ತಿಗೆ ಶೇ. 60 ಮರುಬಳಕೆ ಪ್ಲಾಸ್ಟಿಕ್ ಇರಬೇಕು. ಹಾಳೆ, ಚೀಲದಂಥ ಮೆದು ಪ್ಯಾಕಿಂಗ್‌ಗೆ ಇದು ಶೇ. 10ರಿಂದ 20ಕ್ಕೆ, ಬಹುಪದರದ ಪ್ಯಾಕಿಂಗ್‌ಗೆ ಶೇ. 5ರಿಂದ 10ಕ್ಕೆ ಏರುತ್ತದೆ.

ಇಲ್ಲಿ ಅಳತೆಯಾಗುವುದು ತೂಕ ಮಾತ್ರ. ಮರುಬಳಕೆಯ ಪಾಲಿನೊಳಗೆ ಯಾವ ಪ್ಲಾಸ್ಟಿಕ್ ಎಷ್ಟು ಬೆರಕೆಯಾಗಿದೆ, ಅದು ಎಷ್ಟು ಚೆನ್ನಾಗಿ ಬೆರೆತಿದೆ ಎಂಬುದನ್ನು ಶೇಕಡಾವಾರು ಗುರಿ ಕೇಳುವುದಿಲ್ಲ. ಬೆರಕೆಯಂತೂ ತಪ್ಪದು. ಶಾಂಪೂ ಬಾಟಲಿ ಎಚ್‌ಡಿಪಿಇ (ಒಂದು ಬಗೆಯ ಪಾಲಿಎಥಿಲೀನ್, ಚಿಕ್ಕದಾಗಿ ಎಚ್‌ಡಿ), ಅದರ ಮುಚ್ಚಳ ಪಿಪಿ (ಪಾಲಿಪ್ರೊಪಿಲೀನ್). ಮುಚ್ಚಳ ತೆಗೆಯದೆ ಪುಡಿ ಮಾಡಿದರೆ ತೂಕದಲ್ಲಿ ಹತ್ತರಲ್ಲೊಂದು ಪಾಲು ಪಿಪಿ ಸೇರುವುದು ಸುಲಭ. ತೊಳೆಯುವ ತೊಟ್ಟಿಯಲ್ಲಿ ನೀರಿನ ಬಾಟಲಿಯ ಪೆಟ್ ಮತ್ತು ಪೈಪಿನ ಪಿವಿಸಿ ಮುಳುಗುತ್ತವೆ, ನೀರಿನ ಸಾಂದ್ರತೆ 1 ಆದರೆ ಅವುಗಳದು 1.3ಕ್ಕಿಂತ ಹೆಚ್ಚು. ಆದರೆ ಪಿಪಿಯ ಸಾಂದ್ರತೆ 0.90ರ ಆಸುಪಾಸು, ಎಚ್‌ಡಿಯದು 0.95ರ ಆಸುಪಾಸು. ಎರಡೂ ನೀರಿನ ಮೇಲೆ ಜೊತೆಯಾಗಿ ತೇಲುತ್ತವೆ. ಇವನ್ನು ಬೇರ್ಪಡಿಸಲು ಕಣ್ಣಿಗೆ ಕಾಣದ ಕಿರಣ ಬೀರಿ ಪ್ಲಾಸ್ಟಿಕ್‌ನ ಬಗೆ ಗುರುತಿಸುವ ನಿಯರ್-ಇನ್‌ಫ್ರಾರೆಡ್ ಯಂತ್ರ ಬೇಕು, ಇಲ್ಲವೇ ಬೆಂಗಳೂರಿನ ನಾಯಂಡಹಳ್ಳಿಯಂಥ ಕಡೆ ಕೈಯಿಂದ ಆರಿಸುವವರ ಅನುಭವದ ಕಣ್ಣು ಬೇಕು. ಕಪ್ಪು ಪ್ಲಾಸ್ಟಿಕ್ ಬಂದರೆ ಆ ಯಂತ್ರವೂ ಕುರುಡು, ಏಕೆಂದರೆ ಅದರಲ್ಲಿರುವ ಕಾರ್ಬನ್ ಬ್ಲ್ಯಾಕ್ ಕಿರಣವನ್ನೆಲ್ಲ ನುಂಗಿಬಿಡುತ್ತದೆ.

ಕರಗಿದ ಮಾತ್ರಕ್ಕೆ ಒಂದಾಗುವುದಿಲ್ಲ

ಪಿಪಿ, ಎಚ್‌ಡಿ ಎರಡರಲ್ಲೂ ಇರುವುದು ಇಂಗಾಲ ಮತ್ತು ಜಲಜನಕ ಮಾತ್ರ. ಆದರೂ ಅವು ಅಣುಮಟ್ಟದಲ್ಲಿ ಬೆರೆಯುವುದಿಲ್ಲ. ಸಣ್ಣ ಅಣುಗಳ ದ್ರವಗಳು ಬೆರೆಯಲು ಮುಖ್ಯ ಪ್ರೇರಣೆ ಎಂಟ್ರೊಪಿ, ಅಂದರೆ ಬೆರೆತಾಗ ಸಿಗುವ ಹೊಸ ಜೋಡಣೆಗಳ ಸಂಖ್ಯೆ. ಪ್ಲಾಸ್ಟಿಕ್‌ನಂಥ ಪಾಲಿಮರ್‌ನಲ್ಲಿ ಸಾವಿರಾರು ಕೊಂಡಿಗಳು ಒಂದೇ ಸರಪಳಿಗೆ ಕಟ್ಟಿಬಿದ್ದಿರುವುದರಿಂದ ಆ ಲಾಭ ಬಹುತೇಕ ಸೊನ್ನೆ. ಆಗ ಎರಡು ಬಗೆಯ ಸರಪಳಿಗಳ ನಡುವಿನ ತೀರಾ ಸಣ್ಣ ವಿಮುಖತೆಯೂ ಬೇರ್ಪಡಿಸಲು ಸಾಕು. ಪಾಲಿಸ್ಟೈರೀನ್ ಮತ್ತು ಪಾಲಿಫಿನೈಲೀನ್ ಆಕ್ಸೈಡ್‌ನಂತೆ ನಿಜವಾಗಿ ಒಂದಾಗುವ ಜೋಡಿಗಳು ಬೆರಳೆಣಿಕೆಯಷ್ಟು.

ಹಾಗಾಗಿ ಕಾರ್ಖಾನೆಯಲ್ಲಿ ಸಿಗುವುದು ಒಂದರೊಳಗೆ ಇನ್ನೊಂದು ಹನಿಹನಿಯಾಗಿ ಚದುರಿದ ವಸ್ತು. ಸಾರಿನ ಮೇಲೆ ತೇಲುವ ಒಗ್ಗರಣೆ ಎಣ್ಣೆಯನ್ನು ಸೌಟಿನಿಂದ ಜೋರಾಗಿ ತಿರುವಿದರೆ ಸಣ್ಣ ಹನಿಗಳಾಗುತ್ತದೆ, ಕೈಬಿಟ್ಟರೆ ಹನಿಗಳು ಕೂಡಿಕೊಂಡು ಮತ್ತೆ ದೊಡ್ಡವಾಗುತ್ತವೆ. ಬ್ಯಾರೆಲ್‌ನೊಳಗೂ ಇವೆರಡೇ ಕ್ರಿಯೆಗಳ ಜಗ್ಗಾಟ ನಡೆಯುತ್ತದೆ. ಹನಿ ಸುಮಾರು ಒಂದು ಮೈಕ್ರಾನ್‌ಗೆ ಇಳಿದು, ಸುತ್ತಲಿನ ಪ್ಲಾಸ್ಟಿಕ್‌ಗೆ ಅಂಟಿಕೊಂಡಿದ್ದರೆ ಡಬ್ಬಿ ಬಾಳುತ್ತದೆ. ಹತ್ತಾರು ಮೈಕ್ರಾನ್‌ನ ಹನಿ ಉಳಿದು, ಗಡಿಯಲ್ಲಿ ಹಿಡಿತವೂ ಇಲ್ಲದಿದ್ದರೆ ಪ್ರತಿ ಹನಿಯ ಅಂಚೂ ಬಿರುಕಿನ ಬೀಜ.

ಇದರ ಪೆಟ್ಟು ಎಲ್ಲ ಗುಣಗಳಿಗೂ ಬೀಳುವುದಿಲ್ಲ, ಅದನ್ನು ಗಮನಿಸದೆ ಅನೇಕರು ಮೋಸ ಹೋಗುತ್ತಾರೆ. ಎಳೆತದ ಬಲ ಹೆಚ್ಚು ಕುಗ್ಗುವುದಿಲ್ಲ, ಆದ್ದರಿಂದ ಪರೀಕ್ಷಾ ವರದಿ ಚೆನ್ನಾಗಿಯೇ ಕಾಣುತ್ತದೆ. ಕುಸಿಯುವುದು ಹಿಗ್ಗುವ ಗುಣ ಮತ್ತು ಹೊಡೆತ ತಾಳುವ ಗುಣ. ಬಿಡಿಬಿಡಿಯಾಗಿ ತಮ್ಮ ಉದ್ದದ ಹಲವು ಪಟ್ಟು ಹಿಗ್ಗುವ ಪಿಪಿ ಮತ್ತು ಎಚ್‌ಡಿ, ಕೆಟ್ಟದಾಗಿ ಬೆರೆತಾಗ ಸ್ವಲ್ಪವೇ ಹಿಗ್ಗಿ ಪಟ್ಟನೆ ತುಂಡಾಗುತ್ತವೆ.

ಹನಿ ಒಡೆಯುವ ಲೆಕ್ಕ

ದ್ರವದೊಳಗಿನ ಹನಿ ಯಾವಾಗ ಒಡೆಯುತ್ತದೆ ಎಂಬುದನ್ನು ಬ್ರಿಟನ್ನಿನ ಜಿ.ಐ. ಟೇಲರ್ 1934ರಲ್ಲೇ ಪ್ರಯೋಗ ಮಾಡಿ ತೋರಿಸಿದ್ದರು. ಹನಿಯನ್ನು ಎಳೆಯುವುದು ಸುತ್ತಲಿನ ದ್ರವದ ಸ್ನಿಗ್ಧತೆ (ಹರಿಯಲು ಒಡ್ಡುವ ತಡೆ, ಆಡುಮಾತಿನಲ್ಲಿ ದಪ್ಪ) ಮತ್ತು ಷಿಯರ್, ಅಂದರೆ ಪದರ ಪದರವಾಗಿ ಜಾರಿಸುವ ವೇಗ. ಹನಿಯನ್ನು ಉಂಡೆಯಾಗಿ ಹಿಡಿದಿಡುವುದು ಎರಡು ದ್ರವಗಳ ನಡುವಿನ ಮೇಲ್ಮೈ ಎಳೆತ. ಮೊದಲನೆಯದು ಗೆದ್ದರೆ ಹನಿ ಒಡೆಯುತ್ತದೆ.

ಪಿಪಿ–ಎಚ್‌ಡಿ ಜೋಡಿಯಲ್ಲಿ ಈ ಎಳೆತ ಬಹಳ ಕಡಿಮೆ, ಮೀಟರಿಗೆ ಸುಮಾರು 1 ಮಿಲಿನ್ಯೂಟನ್. ಎಚ್‌ಡಿ–ನೈಲಾನ್ ಜೋಡಿಯಲ್ಲಿ ಅದು ಹತ್ತಕ್ಕೂ ಹೆಚ್ಚು. ಆ ದೃಷ್ಟಿಯಿಂದ ಪಿಪಿ–ಎಚ್‌ಡಿ ಸಾಧು ಜೋಡಿ. ಬರೀ ಸೂತ್ರ ಹಿಡಿದು ಲೆಕ್ಕ ಹಾಕಿದರೆ ಹನಿ ಕೆಲವೇ ನ್ಯಾನೊಮೀಟರ್‌ಗೆ ಇಳಿಯಬೇಕು, ಹಾಗಾಗುವುದೇ ಇಲ್ಲ. ಒಡೆದ ಹನಿಗಳು ಮತ್ತೆ ಕೂಡುತ್ತವೆ, ಪಾಲಿಮರ್ ಹನಿಗೆ ರಬ್ಬರಿನಂತೆ ಹಿಂದಕ್ಕೆಳೆಯುವ ಗುಣವಿದೆ, ಸಿಗುವ ಸಮಯವೂ ಕಡಿಮೆ.

ಎಲ್ಲಕ್ಕಿಂತ ದೊಡ್ಡ ಅಡ್ಡಿ ಸ್ನಿಗ್ಧತೆಯ ಅನುಪಾತ. ಹನಿಯ ಸ್ನಿಗ್ಧತೆ ಸುತ್ತಲಿನದಕ್ಕೆ ಹೆಚ್ಚು ಕಡಿಮೆ ಸಮನಾಗಿದ್ದರೆ ಒಡೆಯುವುದು ಅತಿ ಸುಲಭ. ಹನಿ ಸುಮಾರು 4 ಪಟ್ಟಿಗಿಂತ ದಪ್ಪವಾಗಿದ್ದರೆ ಬರೀ ಷಿಯರ್‌ನಿಂದ ಅದನ್ನು ಒಡೆಯಲು ಆಗುವುದೇ ಇಲ್ಲ. ಅದು ಇದ್ದಲ್ಲೇ ಉರುಳುತ್ತದೆ, ಎಷ್ಟು ಹೊತ್ತು ತಿರುಗಿಸಿದರೂ ಅಷ್ಟೇ.

ಈ ನಿಯಮವನ್ನು ನಿತ್ಯದ ಮಾಲಿಗೆ ಹಚ್ಚಿ ನೋಡೋಣ. ಗಾಳಿ ಊದಿ ಮಾಡುವ ಬ್ಲೋ ಮೋಲ್ಡಿಂಗ್ ಬಾಟಲಿಯ ಎಚ್‌ಡಿ ತುಂಬ ದಪ್ಪ ಹರಿವಿನದು, ಎಂಎಫ್‌ಐ (ಕರಗಿದ ಪ್ಲಾಸ್ಟಿಕ್ ಹತ್ತು ನಿಮಿಷದಲ್ಲಿ ಎಷ್ಟು ಗ್ರಾಂ ಹರಿಯುತ್ತದೆ ಎಂಬ ಅಳತೆ) 190 ಡಿಗ್ರಿಯಲ್ಲಿ 2.16 ಕಿಲೋ ಭಾರಕ್ಕೆ 0.3ರ ಆಸುಪಾಸು. ಬಕೆಟ್, ಮುಚ್ಚಳದ ಪಿಪಿ ತೆಳು ಹರಿವಿನದು, 230 ಡಿಗ್ರಿಯಲ್ಲಿ 10ರ ಮೇಲೆ. ಪಿಪಿ ಬಕೆಟ್ ಮಾಲಿಗೆ ಸ್ವಲ್ಪ ಬಾಟಲಿ ಎಚ್‌ಡಿ ಬಿದ್ದರೆ, ತೆಳುವಾದದ್ದರೊಳಗೆ ದಪ್ಪ ಹನಿ. ಅದು ಒಡೆಯದೆ ಗಂಟಾಗಿ ಉಳಿಯುತ್ತದೆ, ಬಕೆಟ್ ಕೆಳಗೆ ಬಿದ್ದಾಗ ಅಲ್ಲಿಂದಲೇ ಸೀಳು ಶುರು. ಬಾಟಲಿ ಎಚ್‌ಡಿಯೊಳಗೆ ಮುಚ್ಚಳದ ಪಿಪಿ ಬಿದ್ದರೆ ಪರಿಸ್ಥಿತಿ ಬೇರೆ. ಸುತ್ತಲಿನ ದಪ್ಪ ದ್ರವ ತೆಳು ಹನಿಯನ್ನು ಉದ್ದುದ್ದ ಎಳೆಗಳಾಗಿ, ಪದರಗಳಾಗಿ ಎಳೆಯುತ್ತದೆ, ಕೊನೆಗೆ ಮೇಲ್ಮೈ ಸಿಪ್ಪೆ ಸುಲಿದಂತೆ ಏಳಬಹುದು. ಎರಡು ದೋಷಗಳಿಗೂ ಹೆಸರು "ಬೆರಕೆ ಮಾಲು" ಎಂದೇ, ಆದರೆ ಔಷಧ ಒಂದೇ ಅಲ್ಲ.

ಬಿಸಿ ಏರಿಸಿದರೆ ಕೆಲಸ ಕೆಡುತ್ತದೆ

ಗಂಟು ಕಂಡ ಕೂಡಲೇ ಆಪರೇಟರ್ ಮಾಡುವ ಮೊದಲ ಕೆಲಸ ಹೀಟರ್ ಏರಿಸುವುದು. ಹೆಚ್ಚು ಬಿಸಿಯಾದರೆ ಹೆಚ್ಚು ಕರಗಿ ಚೆನ್ನಾಗಿ ಬೆರೆಯುತ್ತದೆ ಎಂಬ ನಂಬಿಕೆ. ಈ ಜೋಡಿಯಲ್ಲಿ ಅದು ಮೂರು ದಾರಿಯಲ್ಲಿ ತಿರುಗುಬಾಣವಾಗುತ್ತದೆ.

ಮೊದಲನೆಯದಾಗಿ, ಬಿಸಿಗೆ ಪಿಪಿ ಎಚ್‌ಡಿಗಿಂತ ಬೇಗ ತೆಳುವಾಗುತ್ತದೆ. ಸ್ಥೂಲವಾಗಿ ಲೆಕ್ಕ ಹಾಕಿದರೆ 200ರಿಂದ 240 ಡಿಗ್ರಿಗೆ ಹೋದಾಗ ಪಿಪಿಯ ಸ್ನಿಗ್ಧತೆ ಅರ್ಧಕ್ಕಿಂತ ಕೆಳಗಿಳಿಯುತ್ತದೆ, ಎಚ್‌ಡಿಯದು ಇಳಿಯುವುದು ಶೇ. 40ರಷ್ಟು. ಮೊದಲೇ ತೆಳುವಾಗಿದ್ದದ್ದು ಇನ್ನೂ ತೆಳು, ಅಂದರೆ ಸ್ನಿಗ್ಧತೆಯ ಅಂತರ ಇನ್ನೂ ಶೇ. 30ರಷ್ಟು ಹಿಗ್ಗುತ್ತದೆ. ಅದೇ ಹೊತ್ತಿಗೆ ಹನಿಯನ್ನು ಎಳೆಯುವ ಬಲವೂ ಕುಗ್ಗುತ್ತದೆ.

ಎರಡನೆಯದು ರಾಸಾಯನಿಕ. ಹೆಚ್ಚು ಬಿಸಿ ಮತ್ತು ಆಮ್ಲಜನಕ ಸೇರಿದಾಗ ಪಿಪಿಯ ಸರಪಳಿ ತುಂಡಾಗುತ್ತದೆ, ಎಂಎಫ್‌ಐ ಏರುತ್ತದೆ. ಎಚ್‌ಡಿಯ ಹಲವು ಗ್ರೇಡುಗಳಲ್ಲಿ ನಡೆಯುವುದು ಇದಕ್ಕೆ ತದ್ವಿರುದ್ಧ. ಸರಪಳಿಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡು ಎಂಎಫ್‌ಐ ಇಳಿಯುತ್ತದೆ. ಒಂದು ತೆಳ್ಳಗಾಗುತ್ತ, ಇನ್ನೊಂದು ದಪ್ಪಗಾಗುತ್ತ, ಪ್ರತಿ ಸುತ್ತಿಗೂ ಇವು ದೂರ ಸರಿಯುತ್ತವೆ. ಪಿಪಿಯ ಹರಿವು ಹೆಚ್ಚಿಸಲು ಪೆರಾಕ್ಸೈಡ್ ಹಾಕುವ ರೂಢಿ ಇದೆ. ಶುದ್ಧ ಪಿಪಿಯಲ್ಲಿ ಅದು ಸರಿಯಾದ ಉಪಾಯ. ಎಚ್‌ಡಿ ಬೆರೆತ ಮಾಲಿಗೆ ಅದನ್ನೇ ಹಾಕಿದರೆ ಪಿಪಿ ತುಂಡಾಗುತ್ತದೆ, ಎಚ್‌ಡಿ ಜೆಲ್ ಆಗಿ ಗಟ್ಟಿಯಾಗುತ್ತದೆ. ವರದಿಯಲ್ಲಿ ಎಂಎಫ್‌ಐ ಸುಂದರ, ಒಳಗೆ ಗಂಟು ಮೊದಲಿಗಿಂತ ಹೆಚ್ಚು.

ಮೂರನೆಯದು, ಪ್ಯಾನೆಲ್ ತೋರಿಸುವುದು ಬ್ಯಾರೆಲ್ ಗೋಡೆಯ ಉಷ್ಣತೆಯನ್ನು. ಸ್ಕ್ರೂ ತಿಕ್ಕಾಟದಿಂದ ಒಳಗಿನ ದ್ರವ 20–30 ಡಿಗ್ರಿ ಹೆಚ್ಚು ಬಿಸಿ ಇರಬಹುದು. ಡೈಗೆ, ಅಂದರೆ ಮಾಲು ಹೊರಬರುವ ಬಾಯಿಗೆ, ಮೊದಲು ಇರುವ ಜಾಲರಿ ಕಸದಿಂದ ಕಟ್ಟಿಕೊಂಡರೆ ಒತ್ತಡ ಏರುತ್ತದೆ, ಮಾಲು ಒಳಗೆ ಹೆಚ್ಚು ಹೊತ್ತು ಉಳಿಯುತ್ತದೆ, ಬಿಸಿ ಇನ್ನೂ ಏರುತ್ತದೆ. ಜಾಲರಿ ಬದಲಿಸಿದ ತಕ್ಷಣ ಮತ್ತು ಬದಲಿಸುವ ಸ್ವಲ್ಪ ಮೊದಲು ಬಂದ ದಾನಾ ಬೇರೆ ಬೇರೆಯಾಗಿರುವುದಕ್ಕೆ ಇದೇ ಕಾರಣ.

ಹಾಗಾದರೆ ಎಷ್ಟಿರಬೇಕು? ಎಚ್‌ಡಿ ಕರಗುವುದು 130 ಡಿಗ್ರಿಯ ಹತ್ತಿರ, ಪಿಪಿ 165ರ ಹತ್ತಿರ. ಮಾಲು ಹಾಕುವ ಕಡೆ 170–180, ನಡುವೆ 190–200, ಡೈನಲ್ಲಿ 200–210 ಇಟ್ಟು, ಹೊರಬರುವ ದ್ರವದ ಉಷ್ಣತೆಯನ್ನೇ ಸೂಜಿ ಥರ್ಮಾಮೀಟರ್‌ನಿಂದ ಅಳೆದು 215 ದಾಟದಂತೆ ನೋಡಿಕೊಳ್ಳುವುದು ಈ ಜೋಡಿಗೆ ಒಳ್ಳೆಯ ಆರಂಭ. ಜೊತೆಗೆ ಆಮ್ಲಜನಕದ ಹಾನಿ ತಡೆಯುವ ಆಂಟಿಆಕ್ಸಿಡೆಂಟ್ ಶೇ. 0.1–0.2. ಈ ಪುಟ್ಟ ಖರ್ಚನ್ನೇ ಮೊದಲು ಕಡಿತ ಮಾಡುವುದು ಈ ವ್ಯಾಪಾರದ ದುರಭ್ಯಾಸ.

ಒಂದು ಸ್ಕ್ರೂ, ಎರಡು ಸ್ಕ್ರೂ

ಸಣ್ಣ ಘಟಕಗಳಲ್ಲಿ ಇರುವುದು ಸಿಂಗಲ್ ಸ್ಕ್ರೂ ಯಂತ್ರ. ಅದರ ಹುಟ್ಟಿನ ಕೆಲಸ ಕರಗಿಸಿ ತಳ್ಳುವುದು, ಬೆರೆಸುವುದಲ್ಲ. ಅದರಲ್ಲಿ ಆಗುವುದು ಹೆಚ್ಚಾಗಿ ಷಿಯರ್, ಮತ್ತು ದಪ್ಪ ಹನಿಯ ಮುಂದೆ ಷಿಯರ್ ಸೋಲುತ್ತದೆ. ದಪ್ಪ ಹನಿಯನ್ನು ಒಡೆಯಬಲ್ಲದ್ದು ಹಿಗ್ಗಿಸಿ ಎಳೆಯುವ ಹರಿವು. ಅದು ಸಿಗುವುದು ಇಕ್ಕಟ್ಟಿನ ಸಂದಿಯಲ್ಲಿ ಮಾಲನ್ನು ಹಿಂಡಿ ಬಿಡುವಾಗ, ಅಂದರೆ ಎರಡು ಸ್ಕ್ರೂಗಳ ಟ್ವಿನ್ ಸ್ಕ್ರೂ ಯಂತ್ರದ ನೀಡಿಂಗ್ ಬ್ಲಾಕ್‌ಗಳಲ್ಲಿ (ಮಾಲನ್ನು ನಾದುವ ಬಿಲ್ಲೆಗಳಲ್ಲಿ). ಸಿಂಗಲ್ ಸ್ಕ್ರೂಗೆ ತುದಿಯಲ್ಲಿ ಮ್ಯಾಡಾಕ್ ಬಗೆಯ ಬೆರೆಸುವ ತುಣುಕು ಕೂಡಿಸಿದರೆ, ಕಡಿಮೆ ಖರ್ಚಿನಲ್ಲಿ, ಅರ್ಧ ದಾರಿ ಸಾಗಬಹುದು.

ಟ್ವಿನ್ ಸ್ಕ್ರೂನ ಇನ್ನೊಂದು ಅನುಕೂಲ, ಅದರಲ್ಲಿ ಮಾಲು ಹಾಕುವ ಪ್ರಮಾಣವನ್ನೂ ಸ್ಕ್ರೂ ವೇಗವನ್ನೂ ಬೇರೆ ಬೇರೆಯಾಗಿ ನಿಯಂತ್ರಿಸಬಹುದು. ಹೆಚ್ಚು ಉತ್ಪಾದನೆಯ ಆಸೆಗೆ ಮಾಲು ಹೆಚ್ಚಿಸಿ ವೇಗ ಅಷ್ಟೇ ಬಿಟ್ಟರೆ ಪ್ರತಿ ಕಿಲೋಗೆ ಸಿಗುವ ಬೆರೆಸುವ ಶ್ರಮ ಕುಗ್ಗುತ್ತದೆ. ಅದನ್ನು ಕರೆಂಟ್ ಲೆಕ್ಕದಲ್ಲೇ ಹಿಡಿಯಬಹುದು. ಪಿಪಿ, ಎಚ್‌ಡಿಯಂಥ ಪಾಲಿಓಲಿಫಿನ್‌ಗಳನ್ನು ಕರಗಿಸಿ ಬೆರೆಸುವಾಗ ಸ್ಕ್ರೂ ಮೋಟಾರ್ ಕಿಲೋಗೆ ಸುಮಾರು 0.2 ಯೂನಿಟ್ ತಿನ್ನುತ್ತದೆ. ಅದೇ ಮಾಲಿಗೆ ಒಂದು ದಿನ ಈ ಅಂಕಿ ಏಕಾಏಕಿ ಇಳಿದರೆ ಬೆರಕೆ ಕಚ್ಚಾ ಆಗಿದೆ ಎಂದೇ ಅರ್ಥ. ಹಾಗೆಂದು ವೇಗವನ್ನು ಮನಬಂದಂತೆ ಏರಿಸುವಂತಿಲ್ಲ, ಅದು ಮೇಲೆ ಹೇಳಿದ ಬಿಸಿಯ ಬಲೆಗೇ ಬೀಳಿಸುತ್ತದೆ.

ಹನಿಗಳ ಗಾತ್ರ ಹೆಚ್ಚಾಗಿ ನಿರ್ಧಾರವಾಗುವುದು ಕರಗುವ ಹಂತದಲ್ಲೇ. ಮೊದಲು ಕರಗಿದ ಎಚ್‌ಡಿಯಲ್ಲಿ ಇನ್ನೂ ಗಟ್ಟಿಯಿರುವ ಪಿಪಿ ಚೂರುಗಳು ತೇಲುತ್ತವೆ. ಪಿಪಿಯೇ ಹೆಚ್ಚಿರುವ ಮಾಲಿನಲ್ಲೂ ಸ್ವಲ್ಪ ಹೊತ್ತು ಎಚ್‌ಡಿಯೇ ಸುತ್ತುವರಿದಿರುತ್ತದೆ, ಆಮೇಲೆ ಒಳಗು ಹೊರಗು ಅದಲುಬದಲಾಗುತ್ತದೆ. ಈ ಅದಲುಬದಲು ಪೂರ್ತಿಯಾಗುವ ಮೊದಲೇ ಮಾಲು ಡೈಗೆ ಬಂದರೆ ಒಂದೇ ದಾನಾದೊಳಗೆ ಎರಡು ಬಗೆಯ ರಚನೆ ಉಳಿದುಬಿಡುತ್ತದೆ.

ಕಂಪ್ಯಾಟಿಬಿಲೈಸರ್: ಮಂತ್ರವಲ್ಲ

ಎರಡೂ ಪ್ಲಾಸ್ಟಿಕ್‌ಗಳಿಗೆ ಒಂದೊಂದು ಕೈ ಚಾಚುವ ಅಣುವನ್ನು, ಅಂದರೆ ಕಂಪ್ಯಾಟಿಬಿಲೈಸರ್ ಅನ್ನು ಸೇರಿಸಿದರೆ ಅದು ಗಡಿಯಲ್ಲಿ ನಿಲ್ಲುತ್ತದೆ. ಒಡೆದ ಹನಿಗಳು ಮತ್ತೆ ಕೂಡದಂತೆ ತಡೆಯುವುದೇ ಅದರ ಮುಖ್ಯ ಕೆಲಸ. ಗಡಿಯ ಹಿಡಿತವನ್ನೂ ಹೆಚ್ಚಿಸುತ್ತದೆ. 2017ರಲ್ಲಿ ಅಮೆರಿಕದ ಕಾರ್ನೆಲ್ ಮತ್ತು ಮಿನ್ನೆಸೋಟ ವಿಶ್ವವಿದ್ಯಾಲಯಗಳ ತಂಡ, ಪಾಲಿಎಥಿಲೀನ್–ಪಿಪಿ ತುಂಡುಗಳನ್ನು ಸರದಿಯಂತೆ ಪೋಣಿಸಿದ ಪಾಲಿಮರ್ ಶೇ. 1ರಷ್ಟು ಸೇರಿಸಿದರೂ ಪೆಡಸಾದ ಮಿಶ್ರಣ ಗಟ್ಟಿಮುಟ್ಟಾಗುವುದನ್ನು ತೋರಿಸಿತು. ಆದರೆ ಗುಜರಿ ದಾನಾ ಮಾಡುವವರ ಕೈಗೆ ಸಿಗುವುದು ಬೇರೆ ಬಗೆಯ ಓಲಿಫಿನ್ ಕೋಪಾಲಿಮರ್‌ಗಳು. ಅವು ಶೇ. 3ರಿಂದ 10ರವರೆಗೆ ಬೇಕಾಗುತ್ತವೆ, ಬೆಲೆ ಹೊಸ ಪ್ಲಾಸ್ಟಿಕ್‌ಗಿಂತ ಹೆಚ್ಚು.

ಒಡೆಯದ ಹನಿಯನ್ನು ಕಂಪ್ಯಾಟಿಬಿಲೈಸರ್ ತಾನಾಗಿ ಒಡೆಯಲಾರದು. ಹೊಸ ಗಡಿ ಹುಟ್ಟಿದರೆ ತಾನೇ ಅದು ಅಲ್ಲಿಗೆ ಹೋಗಿ ನಿಲ್ಲುವುದು? ಬೆರೆಸುವ ಶಕ್ತಿಯಿಲ್ಲದ ಯಂತ್ರಕ್ಕೆ ಶೇ. 5 ಸುರಿದರೆ ಅದು ಒಂದು ಪ್ಲಾಸ್ಟಿಕ್‌ನೊಳಗೆ ತನ್ನದೇ ಉಂಡೆ ಕಟ್ಟಿಕೊಂಡು ಕೂರುತ್ತದೆ, ಹಣ ನೀರುಪಾಲು.

ಹಾಲಿನ ಪೌಡರ್, ಮಸಾಲೆ ಪ್ಯಾಕೆಟ್‌ಗಳಂಥ ಬಹುಪದರ ಹಾಳೆಗಳಲ್ಲಿ ನೈಲಾನ್ ಇದ್ದರೆ ಕಥೆ ಇನ್ನೂ ಸೂಕ್ಷ್ಮ. ಅಲ್ಲಿ ಮಲೇಯಿಕ್ ಅನ್‌ಹೈಡ್ರೈಡ್ ಕಸಿ ಮಾಡಿದ ಪಾಲಿಎಥಿಲೀನ್ ಬಳಸುತ್ತಾರೆ. ಅದು ಬ್ಯಾರೆಲ್‌ನೊಳಗೇ ನೈಲಾನ್ ತುದಿಯೊಂದಿಗೆ ರಾಸಾಯನಿಕವಾಗಿ ಬೆಸೆದುಕೊಳ್ಳುತ್ತದೆ. ಆದರೆ ಮಾಲಿನಲ್ಲಿ ತೇವ ಇದ್ದರೆ ಅನ್‌ಹೈಡ್ರೈಡ್ ನೀರಿನೊಂದಿಗೆ ಸೇರಿ ಆಮ್ಲವಾಗಿ ಸುಮ್ಮನಾಗುತ್ತದೆ, ಬೆಸುಗೆಯ ವೇಗ ಬಿದ್ದುಹೋಗುತ್ತದೆ. ಆದ್ದರಿಂದ ಮೊದಲು ಸುಮಾರು 80 ಡಿಗ್ರಿಯಲ್ಲಿ ನಾಲ್ಕಾರು ಗಂಟೆ ಒಣಗಿಸಿ ತೇವವನ್ನು ಶೇ. 0.2ಕ್ಕಿಂತ ಕೆಳಗೆ ತರಬೇಕು, ಆವಿ ಹೀರಿ ಹೊರಹಾಕುವ ವ್ಯಾಕ್ಯೂಮ್ ವೆಂಟ್ ತೆರೆದಿರಬೇಕು, ಬ್ಯಾರೆಲ್ ನೈಲಾನ್-6 ಕರಗುವ 220 ಡಿಗ್ರಿ ದಾಟಿರಬೇಕು. ತೊಳೆದ ಹಾಳೆಯನ್ನು ಹಾಗೇ ಹಿಂಡಿ ಯಂತ್ರಕ್ಕೆ ಹಾಕುವ ಘಟಕದಲ್ಲಿ ಇದು ಕೈಗೂಡದ ಮಾತು.

ದಾನಾ ಸರಿಯಿದ್ದರೂ ಅಚ್ಚಿನಲ್ಲಿ ಕೆಡಬಹುದು

ದಾನಾ ಮತ್ತೆ ಕರಗಿದಾಗ ಹನಿಗಳಿಗೆ ಕೂಡಿಕೊಳ್ಳಲು ಇನ್ನೊಂದು ಅವಕಾಶ. ದಪ್ಪ ಗೋಡೆಯ ವಸ್ತು ನಿಧಾನ ತಣಿಯುವುದರಿಂದ ನಡುಭಾಗದಲ್ಲಿ ಹನಿ ದೊಡ್ಡದಾಗುತ್ತದೆ. ಅಚ್ಚಿಗೆ ಮಾಲು ನುಗ್ಗುವ ಬಾಯಿಯಾದ ಗೇಟ್ ಕಿರಿದಾಗಿದ್ದು, ಇಂಜೆಕ್ಷನ್ ವೇಗ ಹೆಚ್ಚಿದ್ದರೆ ಹನಿಗಳು ಹಾಳೆಯಂತೆ ಚಪ್ಪಟೆಯಾಗಿ, ಗೇಟ್ ಹತ್ತಿರ ಉಗುರಿನಿಂದ ಕೆರೆದರೆ ಪದರ ಏಳುತ್ತದೆ. ಎರಡು ಹರಿವು ಬಂದು ಸೇರುವ ವೆಲ್ಡ್ ಲೈನ್ ಅತಿ ದುರ್ಬಲ ಜಾಗ. ಅಲ್ಲಿ ಹನಿಗಳು ಗೆರೆಗೆ ಸಮಾನಾಂತರವಾಗಿ ಮಲಗಿರುತ್ತವೆ. ಮರುಬಳಕೆ ದಾನಾ ಬಳಸುವವರು ಗೇಟ್ ಹಿಗ್ಗಿಸಿ, ವೇಗ ತಗ್ಗಿಸಿ, ವೆಲ್ಡ್ ಲೈನ್ ಹಿಡಿಕೆಯ ಬುಡಕ್ಕೆ ಬಾರದಂತೆ ಅಚ್ಚು ತಿದ್ದಿದರೆ ಅರ್ಧ ದೂರು ಅಲ್ಲೇ ನಿಲ್ಲುತ್ತದೆ. "ದಾನಾ ಸರಿ ಇಲ್ಲ" ಎಂದು ವಾಪಸ್ ಕಳಿಸಿದ ಎಷ್ಟೋ ಚೀಲಗಳ ನಿಜವಾದ ತಪ್ಪು ಅಚ್ಚಿನದ್ದು.

ಮೂರು ವಾದಗಳು

ಒಂದು ಪಕ್ಷದ ಪ್ರಕಾರ ಬೆರಕೆಯನ್ನು ನಿಭಾಯಿಸುವುದೇ ದಾರಿ ತಪ್ಪಿದ ಯೋಚನೆ, ಹಣ ಹಾಕಬೇಕಾದದ್ದು ವಿಂಗಡಣೆಗೆ. ಪೆಟ್, ಪಿವಿಸಿ ವಿಷಯದಲ್ಲಿ ಇದು ಪೂರ್ತಿ ಸರಿ. ಪೆಟ್ ಕರಗುವ 250 ಡಿಗ್ರಿಯಲ್ಲಿ ಪಿವಿಸಿ ಹೈಡ್ರೋಕ್ಲೋರಿಕ್ ಆಮ್ಲ ಉಗುಳುತ್ತ ಸುಟ್ಟುಹೋಗುತ್ತದೆ. ಆ ಜೋಡಿಗೆ ಯಾವ ಸ್ಕ್ರೂ, ಯಾವ ರಾಸಾಯನಿಕವೂ ನೆರವಾಗದು. ಎರಡನೆಯ ಪಕ್ಷ ಕಂಪ್ಯಾಟಿಬಿಲೈಸರ್ ಮಾರುವವರದು. ಮೂರನೆಯದು, ಪ್ಲಾಸ್ಟಿಕ್ಕನ್ನು ಮತ್ತೆ ಎಣ್ಣೆಯಾಗಿಸುವ ರಾಸಾಯನಿಕ ಮರುಬಳಕೆ. ಬೆರಕೆಯ ತಂಟೆ ಅಲ್ಲಿ ಕಡಿಮೆಯಾದರೂ ಬಂಡವಾಳ ಮತ್ತು ಇಂಧನದ ಹೊರೆ ದೊಡ್ಡದು.

ಪಿಪಿ–ಎಚ್‌ಡಿಯ ಮಟ್ಟಿಗೆ ಮೊದಲ ಹಣ ಹೋಗಬೇಕಾದದ್ದು ಪ್ರಕ್ರಿಯೆಯ ಹಿಡಿತಕ್ಕೆ ಎಂಬುದು ನಮ್ಮ ಅಭಿಪ್ರಾಯ. ಕಾರಣ ಸರಳ: ಈ ಜೋಡಿಯ ಮೇಲ್ಮೈ ಎಳೆತ ಕಡಿಮೆ, ಶೇ. 5–10ರ ಬೆರಕೆಯನ್ನು ಸರಿಯಾದ ಬಿಸಿ ಮತ್ತು ಬೆರೆಸುವಿಕೆಯಿಂದಲೇ ಬಹುಪಾಲು ನಿಭಾಯಿಸಬಹುದು. ಬೆರಕೆ ಶೇ. 20–30ಕ್ಕೆ ಏರಿದಾಗ ಮಾತ್ರ ಕಂಪ್ಯಾಟಿಬಿಲೈಸರ್‌ನ ಖರ್ಚಿಗೆ ಅರ್ಥ ಬರುತ್ತದೆ.

ಮುಂದೆ ಆಗುವುದೇನು

ಸಿಂಗಲ್ ಸ್ಕ್ರೂ ಘಟಕಗಳ ದಾನಾ ಹೂಕುಂಡ, ಕುರ್ಚಿ, ಪೈಪ್‌ನಂಥ ದಪ್ಪ ಗೋಡೆಯ ವಸ್ತುಗಳಿಗೆ ಹೋಗುತ್ತಲೇ ಇರುತ್ತದೆ. ಅಲ್ಲಿ ದೋಷವನ್ನು ದಪ್ಪ ಮುಚ್ಚುತ್ತದೆ. ತೆಳು ಗೋಡೆಯ ಬಾಟಲಿಗೆ ಬೇಕಾದ ದಾನಾ ಕೆಲವೇ ದೊಡ್ಡ ಘಟಕಗಳಿಂದ ಬರುತ್ತದೆ, ಬೆಲೆ ಅವರು ಹೇಳಿದಷ್ಟು. ಮಾಲು ರಾಶಿ ಇದ್ದೂ ಕೊರತೆ ಇರುವುದು ಹೀಗೆ.

ಕೊಳ್ಳುವವರು ಎಂಎಫ್‌ಐ ಒಂದನ್ನೇ ನಂಬಿದರೆ ಈ ಎರಡು ಬಗೆಯ ದಾನಾ ಬೇರೆಯಾಗಿ ಕಾಣುವುದಿಲ್ಲ. ಬಿಸಿ ಮಾಡುತ್ತ ಕರಗುವ ಉಷ್ಣತೆ ಗುರುತಿಸುವ ಡಿಎಸ್‌ಸಿ ಪರೀಕ್ಷೆಯಲ್ಲಿ 130 ಮತ್ತು 165 ಡಿಗ್ರಿಯ ಎರಡು ಶಿಖರಗಳಿಂದ ಬೆರಕೆ ಇದೆ ಎಂದು ತಿಳಿಯುತ್ತದೆ, ಹನಿಯ ಗಾತ್ರ ತಿಳಿಯುವುದಿಲ್ಲ. ಮೈಸೂರಿನ ಸಿಪೆಟ್‌ನಂಥ (ಕೇಂದ್ರ ಸರ್ಕಾರದ ಪ್ಲಾಸ್ಟಿಕ್ ತಂತ್ರಜ್ಞಾನ ಸಂಸ್ಥೆ) ಪ್ರಯೋಗಾಲಯದಲ್ಲಿ ನಾಚ್ ಹಾಕಿದ ಐಜೋಡ್ ಹೊಡೆತದ ಪರೀಕ್ಷೆ (ಕಚ್ಚು ಹಾಕಿದ ತುಂಡನ್ನು ಲೋಲಕದಿಂದ ಹೊಡೆದು ಮುರಿಯುವುದು) ಮತ್ತು ತುಂಡಾಗುವವರೆಗಿನ ಹಿಗ್ಗುವಿಕೆ, ಇವೆರಡನ್ನು ಪ್ರತಿ ಬ್ಯಾಚಿಗೆ ಕೇಳುವುದು ಹೆಚ್ಚು ಉಪಯುಕ್ತ. ತೀರಾ ಅಗ್ಗದ ಪರೀಕ್ಷೆಯೊಂದಿದೆ: ದಾನಾವನ್ನು ತೆಳು ಹಾಳೆಯಾಗಿ ಒತ್ತಿ ಬೆಳಕಿಗೆ ಹಿಡಿದರೆ ಒಡೆಯದ ಗಂಟುಗಳು ಕಣ್ಣಿಗೇ ಕಾಣುತ್ತವೆ.

ಪಾಲು ಶೇ. 60ಕ್ಕೆ ಏರಿದಾಗ ಇನ್ನೊಂದು ತೊಡಕು ಹುಟ್ಟುತ್ತದೆ. ಆಗ ಗುಜರಿಗೆ ಬರುವ ಬಾಟಲಿಯಲ್ಲೇ ಮೊದಲೊಮ್ಮೆ ಮರುಬಳಕೆಯಾದ ಪ್ಲಾಸ್ಟಿಕ್ ಇರುತ್ತದೆ. ಪಿಪಿ ಇನ್ನಷ್ಟು ತೆಳು, ಎಚ್‌ಡಿ ಇನ್ನಷ್ಟು ದಪ್ಪ, ಮೊದಲ ಸುತ್ತಿನ ಆಂಟಿಆಕ್ಸಿಡೆಂಟ್ ಖಾಲಿ. ಇವತ್ತು 205 ಡಿಗ್ರಿಯಲ್ಲಿ ಸರಿಯಾಗಿ ನಡೆಯುವ ಯಂತ್ರಕ್ಕೆ ಆ ಮಾಲಿನಲ್ಲಿ ಬೇರೆಯದೇ ಹೊಂದಿಕೆ ಬೇಕಾಗುತ್ತದೆ. ಪ್ರತಿ ಬ್ಯಾಚಿನ ದ್ರವದ ಉಷ್ಣತೆ, ಮೋಟಾರ್ ತಿಂದ ಯೂನಿಟ್, ಜಾಲರಿ ಬದಲಿಸಿದ ಹೊತ್ತು ಬರೆದಿಡುವ ಘಟಕಕ್ಕೆ ಆ ಹೊಂದಿಕೆ ಹುಡುಕಲು ಹಿಂದಿನ ಅಂಕಿಗಳ ಆಧಾರವಾದರೂ ಇರುತ್ತದೆ. ಬರೆದಿಡದವರು ಮತ್ತೆ ಹೀಟರ್ ಗುಂಡಿಗೇ ಕೈ ಹಾಕುತ್ತಾರೆ.